ಕರೆದರೂ ತಿರುಗದ ಗೌರಾ

ಕರೆದರೆ ಓಗೊಡದ ಮಗು ಯಾವ ಮನೆಯಲ್ಲಿಲ್ಲ ಹೇಳಿ. ಉಣ್ಣಲು ಬಾ ಎಂದರೆ ಬರುವುದಿಲ್ಲ, ನೀರು ತಾ ಎಂದರೆ ಕೂತಲ್ಲಿಂದ ಏಳುವುದಿಲ್ಲ. ಹಿಂದೆ ಇದಕ್ಕೆ ಗೋಲಿಯಾಟವನ್ನು ಬೈಯುತ್ತಿದ್ದರು. ಆಮೇಲೆ ರೇಡಿಯೋವನ್ನು ಬೈದರು, ಟೇಪ್ ರೆಕಾರ್ಡರನ್ನು ಬೈದರು. ಈಗ ಟಿವಿ ಬಂದಿದೆ, ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಬಂದಿದೆ, ಅವನ್ನು ಬೈಯುತ್ತಾರೆ. ಬೈಯಲು ಒಂದು ಡಬ್ಬಿ ಸಿಕ್ಕರೆ ಸಾಕು, ಮಗುವಿನ ಹತ್ತಿರ ಹೋಗಿ ಕೂತು ನಿನಗೇನಾಗಿದೆ ಎಂದು ಕೇಳುವ ತ್ರಾಸು ತಪ್ಪುತ್ತದೆ.

ಗೌರಾ ಅಂಥ ಒಂದು ಮಗು. ಜೇವರ್ಗಿ ತಾಲೂಕಿನಲ್ಲಿ, ಕೊಳಕೂರಿನಿಂದ ನಡೆದು ಹೋಗುವಷ್ಟು ದೂರದ ಒಂದು ಊರಿನವಳು. ನಾಲ್ಕನೇ ತರಗತಿ. ಅವಳ ಅಪ್ಪ ಬಸವಂತರಾಯನದು ಹಿಟ್ಟಿನ ಗಿರಣಿ. ಗಿರಣಿಯ ಗೋಡೆಗೆ ಅಂಟಿಕೊಂಡೇ ಮನೆ. ನಡುವೆ ಒಂದು ಬಾಗಿಲು, ಆ ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ. ಮನೆಯ ತಾಟು, ತಂಬಿಗೆ, ದೇವರ ಜಗುಲಿ ಎಲ್ಲದರ ಮೇಲೂ ತೆಳ್ಳಗೆ ಜೋಳದ ಹಿಟ್ಟು.

ಗಿರಣಿ ಮನೆಯವರು ಮೆಲ್ಲಗೆ ಮಾತಾಡುವುದಿಲ್ಲ. ಮೋಟರು ಶುರುವಾದರೆ ಮೋಟರಿನಿಂದ ಕಲ್ಲಿಗೆ ಬಿಗಿದ ಬೆಲ್ಟಿನ ಪಟ್ಟಾ ಪಟಪಟ ಬಡಿಯುತ್ತದೆ, ಕಲ್ಲು ಗುಡುಗುತ್ತದೆ, ಪಕ್ಕದಲ್ಲಿ ನಿಂತವರ ಮಾತು ಪಕ್ಕದವರಿಗೆ ಮುಟ್ಟುವುದಿಲ್ಲ. ಅದಕ್ಕೆ ಬಾಯಿ ಬಿಟ್ಟು ಕೂಗಬೇಕು, ಇಲ್ಲವೆಂದರೆ ಕೈ ಮಾಡಿ ತೋರಿಸಬೇಕು. ಹೆಬ್ಬೆರಳನ್ನು ಬೆರಳಿಗೆ ತಿಕ್ಕಿದರೆ ಹಿಟ್ಟು ಸಣ್ಣಗೆ ಬೀಸು ಎಂದರ್ಥ. ಅಂಗೈ ಅಗಲಿಸಿದರೆ ನುಚ್ಚು. ಮುಷ್ಟಿ ಹಿಡಿದರೆ ನಿಲ್ಲಿಸು. ಗೌರಾ ಅಕ್ಷರ ಕಲಿಯುವ ಮೊದಲು ಈ ಕೈಸನ್ನೆ ಕಲಿತಿದ್ದಳು. ಗಿರಣಿ ಬಂದಾದರೂ ಆ ಮನೆಯ ಗಂಟಲು ಬಂದಾಗುತ್ತಿರಲಿಲ್ಲ. ಗಂಡ ಹೆಂಡತಿ ಪ್ರೀತಿಯಿಂದ ಮಾತಾಡಿಕೊಂಡರೂ ಹಾದಿಯಲ್ಲಿ ಹೋಗುವವರು ಜಗಳ ಹತ್ತಿದೆ ಎಂದು ನಿಂತು ಕೇಳುತ್ತಿದ್ದರು.

ಗೌರಾಳ ಸೋದರಮಾವ ಸೊಲ್ಲಾಪುರದ ನೂಲಿನ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಪಂಚಮಿಗೆ ಬಂದವನು ಸೊಸೆಗೆ ಒಂದು ವಿಡಿಯೋ ಗೇಮ್ ತಂದ. ಅಂಗೈಯಷ್ಟು ದೊಡ್ಡದು, ನಡುವೆ ಬೂದು ಬಣ್ಣದ ಪುಟ್ಟ ಕಿಟಕಿ. ಮೇಲಿನಿಂದ ಇಟ್ಟಂಗಿ ಬೀಳುತ್ತವೆ. ಗುಂಡಿ ಒತ್ತಿ ಅವನ್ನು ತಿರುಗಿಸಿ ಸಾಲಾಗಿ ಕೂಡಿಸಬೇಕು. ಸಾಲು ತುಂಬಿದರೆ ಮಾಯವಾಗುತ್ತದೆ, ತುಂಬದಿದ್ದರೆ ಗೋಡೆ ಮೇಲೇರಿ ಆಟ ಮುಗಿಯುತ್ತದೆ. ಊರಿನ ಹುಡುಗರು ಸಾಲು ನಿಂತು ಒಂದೊಂದು ಕೈ ನೋಡಿದರು. ಒಬ್ಬನೂ ಗೌರಾಳಷ್ಟು ಆಡಲಿಲ್ಲ. ದೊಡ್ಡವರೂ ಮಾತು ಬಿಟ್ಟು ನಿಂತು ಅವಳ ಬೆರಳು ನೋಡುತ್ತಿದ್ದರು.

ಒಂದು ವಿಷಯಕ್ಕೆ ಮಾತ್ರ ಮನೆಯವರಿಗೆ ಸಿಟ್ಟು. ಆ ಡಬ್ಬಿ ಒಂದೇ ಸಮ ಟೀಂವ್ ಟೀಂವ್ ಎನ್ನುತ್ತಿತ್ತು. ಸಪ್ಪಳ ಬಂದ್ ಮಾಡಲು ಒಂದು ಗುಂಡಿ ಇತ್ತು. ಬಂದ್ ಮಾಡು ಎಂದು ಅಜ್ಜಿ ಅಂಬುಬಾಯಿ ಒಳಗಿನಿಂದ ಎಷ್ಟು ಕೂಗಿದರೂ ಗೌರಾ ಮಾಡುತ್ತಿರಲಿಲ್ಲ. ಹಟಮಾರಿ ಎಂದು ಅಜ್ಜಿ ಗೊಣಗುತ್ತಿದ್ದಳು.

ಭಾನುವಾರ ಊರಿಗೆಲ್ಲ ಟಿವಿ ಶಾಂತಲಿಂಗಪ್ಪ ಸಾವಕಾರರ ಪಡಸಾಲೆಯಲ್ಲಿ. ಮಕ್ಕಳೆಲ್ಲ ನೆಲದ ಮೇಲೆ ಕೂತರೆ ಗೌರಾ ಮಾತ್ರ ಹೋಗಿ ಟಿವಿಗೆ ಅಂಟಿಕೊಂಡು ಕೂರುತ್ತಿದ್ದಳು. ಅದರ ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಕೈ ಇಡುತ್ತಿದ್ದಳು, ಒಮ್ಮೊಮ್ಮೆ ಕೆನ್ನೆಯನ್ನೇ ಒತ್ತಿಡುತ್ತಿದ್ದಳು. ಹಿಂದಿನವರು ಬೈದರೂ ಸರಿಯುತ್ತಿರಲಿಲ್ಲ. ಒಂದು ದಿನ ಸಾವಕಾರರು ರಟ್ಟೆ ಹಿಡಿದು ಹೊರಗೆ ಕಳಿಸಿದರು.

ಅಲ್ಲಿಂದ ಊರಿಗೆ ಮಾತು ಸಿಕ್ಕಿತು. ನಮ್ಮ ಕಡೆ ಮಳೆ ಬರಲಿ ಬಿಡಲಿ, ಮಂದಿಯ ಅಭಿಪ್ರಾಯಕ್ಕೆ ಬರ ಇಲ್ಲ. ಟಿವಿಯ ಕರೆಂಟು ಹುಡುಗಿಯ ತಲೆಗೆ ಹತ್ತಿದೆ ಎಂದು ಸಾವಕಾರರು ಹೇಳಿದರು. ಪೇಪರಿನಲ್ಲಿ ಬಂದಿದೆ ಎಂದೂ ಸೇರಿಸಿದರು. ಯಾವ ಪೇಪರು ಎಂದು ಯಾರೂ ಕೇಳಲಿಲ್ಲ. ಆ ಇಟ್ಟಂಗಿ ಆಟ ಮೆದುಳನ್ನು ಒಣಗಿಸುತ್ತದೆ ಎಂದು ಇನ್ನೊಬ್ಬರು. ಹೆಣ್ಣುಮಗಳ ಕೈಗೆ ಯಂತ್ರ ಕೊಟ್ಟರೆ ಹೀಗೇ ಆಗುವುದು ಎಂದು ಮತ್ತೊಬ್ಬರು. ಚಹದ ಅಂಗಡಿಯ ಖಾದರಸಾಬ ಒಬ್ಬರೇ ನಕ್ಕಿದ್ದು. ತಮ್ಮ ಅಂಗಡಿಗೆ ಟೇಪ್ ರೆಕಾರ್ಡರ್ ತಂದಾಗಲೂ ಊರು ಕೆಡುತ್ತದೆ ಎಂದು ಇದೇ ಕಟ್ಟೆಯ ಮಂದಿ ಹೇಳಿದ್ದರು, ಹಾಗೆ ಹೇಳಿದವರು ಹಾಡು ಮುಗಿಯುವವರೆಗೂ ಏಳದೆ ಚಹ ಕುಡಿದರು ಎಂದು ಅವರು ನೆನಪಿಸಿದರು. ಅವರ ಮಾತು ಯಾರಿಗೂ ಬೇಕಿರಲಿಲ್ಲ.

ಶಾಲೆಯಿಂದಲೂ ದೂರು ಬಂತು. ಹುಡುಗಿ ಪಾಠ ಕೇಳುವುದಿಲ್ಲ, ಉಕ್ತಲೇಖನ ಹೇಳಿದರೆ ಪಕ್ಕದವಳ ಪಾಟಿ ಇಣುಕುತ್ತಾಳೆ, ಬೋರ್ಡಿನ ಲೆಕ್ಕ ಮಾತ್ರ ಎಲ್ಲರಿಗಿಂತ ಮೊದಲು ಮಾಡುತ್ತಾಳೆ, ಅಂದರೆ ಬುದ್ಧಿ ಇದೆ, ಸೊಕ್ಕು ಜಾಸ್ತಿ ಎಂದು ಮಾಸ್ತರರು ಹೇಳಿ ಕಳಿಸಿದರು.

ಬಸವಂತರಾಯ ಕೆಟ್ಟ ಮನುಷ್ಯನಲ್ಲ. ಮಗಳೆಂದರೆ ಜೀವ. ಆದರೆ ಕಾಳು ಬೀಸಿಸಲು ಬಂದವರೆಲ್ಲ ಹಿಟ್ಟಿನ ಜೊತೆ ಒಂದೊಂದು ಬುದ್ಧಿಮಾತು ಬಿಟ್ಟು ಹೋದರೆ ಎಂಥವನ ತಲೆಯೂ ಕೆಡುತ್ತದೆ. ಅವನು ಒಂದು ತೀರ್ಮಾನ ಮಾಡಿದ. ಯಡ್ರಾಮಿಯಲ್ಲಿ ಅವನ ಅಕ್ಕ ಸುಭದ್ರಾಬಾಯಿ ಇದ್ದಳು. ಅವಳ ಮನೆಯಲ್ಲಿ ಟಿವಿ ಇಲ್ಲ, ಆಟದ ಡಬ್ಬಿ ಇಲ್ಲ. ಅವಳ ಸೊಸೆ ಹಡೆದಿದ್ದಾಳೆ, ಕೂಸು ಆಡಿಸಲು ಒಬ್ಬರು ಬೇಕು. ಅಮಾವಾಸ್ಯೆ ಕಳೆದ ಮೇಲೆ ಗೌರಾಳನ್ನು ಅಲ್ಲಿಗೆ ಬಿಟ್ಟು ಬರುವುದು. ಶಾಲೆ ಸಾಕು.

ತಾಯಿ ಶರಣಬಸಮ್ಮ ಅತ್ತಳು, ಬೇಡ ಎನ್ನಲು ಅವಳ ಹತ್ತಿರ ಕಾರಣ ಇರಲಿಲ್ಲ. ಅವಳು ಮಗಳ ಬಟ್ಟೆಯನ್ನು ಚೀಲಕ್ಕೆ ತುಂಬಿದಳು. ಗೌರಾ ತನ್ನ ಪಾಟಿಯನ್ನು ತಂದು ಬಟ್ಟೆಯ ಮೇಲಿಟ್ಟಳು. ತಾಯಿ ಅದನ್ನು ತೆಗೆದು ಗೂಡಿನಲ್ಲಿಟ್ಟಳು. ಸ್ವಲ್ಪ ಹೊತ್ತಿಗೆ ನೋಡಿದರೆ ಪಾಟಿ ಮತ್ತೆ ಚೀಲದಲ್ಲಿತ್ತು. ಆಗ ಮಗಳು ತಾಯಿಯ ಗದ್ದ ಹಿಡಿದು, ಮುಖ ತನ್ನ ಕಡೆ ತಿರುಗಿಸಿಕೊಂಡು ಕೇಳಿದಳು.

"ಅವ್ವಾ, ನಾ ಏನ್ ಮಾಡೀನಿ?"

ಶರಣಬಸಮ್ಮ ಚೀಲದ ಬಾಯಿ ಕಟ್ಟಿದಳು. ಮಗಳು ಯಾಕೆ ಯಾವಾಗಲೂ ಹೀಗೆ ಗದ್ದ ಹಿಡಿದು ಮುಖ ತಿರುಗಿಸಿಕೊಳ್ಳುತ್ತಾಳೆ ಎಂಬುದು ಅವಳಿಗೆ ಹೊಳೆಯಲಿಲ್ಲ. ಅದು ಮುದ್ದು ಎಂದುಕೊಂಡಿದ್ದಳು.

ಊರಿಗೆ ವಾರಕ್ಕೊಮ್ಮೆ ಬರುವ ನರ್ಸಬಾಯಿ ನಜಮುನ್ನಿಸಾ. ಆಳಂದ ಕಡೆಯವರು. ಕೂಸುಗಳಿಗೆ ಸೂಜಿ ಹಾಕಿ, ಬಸುರಿಯರನ್ನು ನೋಡಿ, ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಅಮಾವಾಸ್ಯೆಗೆ ಮುಂಚಿನ ವಾರ ಅವರು ತಮ್ಮ ಜೋಳದ ಡಬ್ಬಿ ಹಿಡಿದು ಗಿರಣಿಗೆ ಬಂದರು. ಮೋಟರು ಜೋರಾಗಿ ಓಡುತ್ತಿತ್ತು. ಕಾಳಿನ ಚೀಲಗಳ ಮೇಲೆ ಹೆಂಗಸರು ಕೂತಿದ್ದರು. ಬಾಗಿಲ ಬಿಸಿಲಿನಲ್ಲಿ ಗೌರಾ ಆಟ ಹಿಡಿದು ಕೂತಿದ್ದಳು.

ಬಸವಂತರಾಯ ಅವರ ಕಿವಿಯ ಹತ್ತಿರ ಬಂದು ಎಲ್ಲವನ್ನೂ ಕೂಗಿ ಹೇಳಿದ. ಟಿವಿ, ಆಟ, ಮಾಸ್ತರರು, ಯಡ್ರಾಮಿ. ನೀವೇ ಹೋದ ತಿಂಗಳು ಹೆಂಗಸರ ಸಭೆಯಲ್ಲಿ ಹೇಳಿದಿರಲ್ಲ, ಟಿವಿ ಮತ್ತು ಆಟದಿಂದ ಮಕ್ಕಳು ಕೆಡುತ್ತಾರೆ ಅಂತ, ಅದಕ್ಕೇ ಈ ನಿರ್ಧಾರ ಎಂದ. ನಜಮುನ್ನಿಸಾ ತಲೆಯಾಡಿಸಿದರು. ಹೇಳಿದ್ದು ನಿಜ. ಆದರೆ ಅವರ ಕಣ್ಣು ಹುಡುಗಿಯ ಮೇಲಿತ್ತು.

ಬಸವಂತರಾಯ ಹೊಸ ಚೀಲ ಸುರಿಯುತ್ತ ಮಗಳಿಗೆ ಖಾಲಿ ಡಬ್ಬಿಯ ಕಡೆ ಬೆರಳು ತೋರಿಸಿದ. ಗೌರಾ ತಟ್ಟನೆ ಎದ್ದು ಹೋಗಿ ಹಿಟ್ಟು ಬೀಳುವ ಡಬ್ಬಿಯನ್ನು ಸರಿಸಿ ಖಾಲಿ ಡಬ್ಬಿ ಇಟ್ಟು ಬಂದು ಕೂತಳು. ಮತ್ತೊಮ್ಮೆ ಅವನು ಬೆರಳು ತಿಕ್ಕಿ ತೋರಿಸಿದ. ಗೌರಾ ಎದ್ದು ಹೋಗಿ ಕಲ್ಲಿನ ತಿರುಪು ಬಿಗಿ ಮಾಡಿದಳು. ಆಟದ ಹುಚ್ಚಿನಲ್ಲಿ ಮುಳುಗಿದ ಹುಡುಗಿಗೆ ಅಪ್ಪನ ಕೈ ಅಲ್ಲಾಡಿದ್ದು ಹೇಗೆ ಕಾಣುತ್ತದೆ?

ಅಷ್ಟರಲ್ಲಿ ಕರೆಂಟು ಹೋಯಿತು.

ಪಟ್ಟಾ ನಿಧಾನವಾಗಿ ನಿಂತಿತು. ಕಲ್ಲು ನಿಂತಿತು. ಹಿಟ್ಟಿನ ಧೂಳು ಬಿಸಿಲಿನಲ್ಲಿ ತೇಲುತ್ತಿತ್ತು. ಆ ನಿಶ್ಶಬ್ದದಲ್ಲಿ ಗೌರಾಳ ಕೈಯೊಳಗಿನ ಡಬ್ಬಿ ಟೀಂವ್ ಟೀಂವ್ ಎನ್ನುವುದು ಎಲ್ಲರಿಗೂ ಕೇಳಿತು. ಅದರ ಬಾಯಿ ಮುಚ್ಚಿಸು ಎಂದು ಅಜ್ಜಿ ಒಳಗಿನಿಂದ ಕೂಗಿದಳು. ಗೌರಾ ಆಡುತ್ತಲೇ ಇದ್ದಳು.

ನಜಮುನ್ನಿಸಾ ಎದುರಿಗೆ ಹೋಗಿ ಕುಕ್ಕರಗಾಲಲ್ಲಿ ಕೂತರು. ಗೌರಾ ತಲೆ ಎತ್ತಿ ಅವರ ತುಟಿ ನೋಡಿದಳು.

"ಗೌರಾ, ಸಪ್ಪಳ ಬಂದ್ ಮಾಡ್ತಿ ಏನವ್ವಾ?"

"ಯಾವ ಸಪ್ಪಳರಿ?" ಎಂದಳು ಗೌರಾ.

ಚೀಲದ ಮೇಲೆ ಕೂತಿದ್ದ ಹೆಂಗಸರು ನಕ್ಕರು. "ನೋಡ್ರಿ ಬಾಯಿ, ಹಿಂಗ ಮಾರಿ ನೋಡಿ ಸುಳ್ಳು ಹೇಳ್ತಾಳ," ಎಂದ ಬಸವಂತರಾಯ. ಕಲ್ಲು ನಿಂತಿದ್ದರೂ ಅವನು ಕೂಗಿಯೇ ಹೇಳಿದ್ದ.

ನರ್ಸಬಾಯಿ ನಗಲಿಲ್ಲ. ಆಟವನ್ನು ಹುಡುಗಿಯ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಬಸವಂತರಾಯನ ಕೈಗೆ ಕೊಟ್ಟರು. ಬೀದಿ ನೋಡುತ್ತ ಕೂಡು ಎಂದು ಗೌರಾಳಿಗೆ ಕೈ ಮಾಡಿ ತೋರಿಸಿದರು. ಗೌರಾ ಎಲ್ಲರಿಗೂ ಬೆನ್ನು ಹಾಕಿ, ಎರಡೂ ಕೈ ಮಡಿಲಲ್ಲಿಟ್ಟು ಕೂತಳು. ನರ್ಸಬಾಯಿ ಹಿಂದೆ ಬಂದು ನಿಂತು ಕರೆದರು. ಗೌರಾ ತಿರುಗಲಿಲ್ಲ. ಇನ್ನಷ್ಟು ದನಿ ಎತ್ತಿ ಕರೆದರು. ತಿರುಗಲಿಲ್ಲ.

"ಅಣ್ಣಾರ, ಈಗ ಆಟ ನಿಮ್ಮ ಕೈಯಾಗ ಅದ," ಎಂದರು ನಜಮುನ್ನಿಸಾ. "ಈಗ ಯಾವುದರಾಗ ಮುಳುಗ್ಯಾಳ ಹೇಳ್ರಿ."

ನಗುತ್ತಿದ್ದ ಹೆಂಗಸರು ಸೆರಗನ್ನು ಬಾಯಿಗೆ ಹಿಡಿದರು.

ಬಸವಂತರಾಯ ತಾನೇ ಹೋದ. ಮಗಳ ಬೆನ್ನ ಹಿಂದೆ ನಿಂತ. ಆ ಮನೆಯಲ್ಲಿ ಯಾರೂ ಅವನ ಮೆಲ್ಲನೆಯ ದನಿ ಕೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಹುಟ್ಟಿದಾಗ ತೊಟ್ಟಿಲ ಹತ್ತಿರ ಕರೆದ ಹೆಸರನ್ನು ಅವನು ಈಗ ಕರೆದ.

"ಗೌರವ್ವಾ. ನನ್ ಕೂಸ."

ಬೀದಿಯಲ್ಲಿ ಒಂದು ಆಡು ಹೋಗುತ್ತಿತ್ತು. ಗೌರಾ ಅದನ್ನು ನೋಡುತ್ತ ಕೂತಿದ್ದಳು. ಅಪ್ಪ ಇನ್ನೊಮ್ಮೆ ಕರೆದ. ಆಮೇಲೆ ಅವನಿಗೆ ಕರೆಯಲು ಆಗಲಿಲ್ಲ. ಅವನ ನೆರಳು ಅಲ್ಲಾಡಿದ್ದು ಕಂಡು ಗೌರಾ ತಿರುಗಿದಳು. ಅಪ್ಪ ಅಳುತ್ತಿರುವುದನ್ನು ನೋಡಿ ಹೆದರಿ ಎದ್ದು ನಿಂತಳು, ತಾನು ಮತ್ತೇನೋ ತಪ್ಪು ಮಾಡಿದೆ ಎಂದುಕೊಂಡು.

ನಜಮುನ್ನಿಸಾ ಹುಡುಗಿಯನ್ನು ಹತ್ತಿರ ಎಳೆದುಕೊಂಡು ಬಿಸಿಲಿಗೆ ಕಿವಿ ಹಿಡಿದು ನೋಡಿದರು. ಒಳಗೆ ಹಳದಿ ಕೀವು, ಮೇಲೆ ಎಣ್ಣೆಯ ಜಿಡ್ಡು, ಕೆಟ್ಟ ವಾಸನೆ. ಎರಡೂ ಕಿವಿ. ಎಷ್ಟು ದಿನದಿಂದ ಸೋರುತ್ತಿದೆ ಎಂದು ಕೇಳಿದರು. ಒಳಗಿನಿಂದ ಬಂದ ಶರಣಬಸಮ್ಮ ತಲೆದಿಂಬಿನ ಕಲೆಯ ಮಾತು ಹೇಳಿದಳು. ನೆಗಡಿಯಾದಾಗ ಶುರುವಾಗುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಘತ್ತರಗಿಯ ದೇವಿಗೆ ಹೋಗಿ ಹೊಳೆಯಲ್ಲಿ ಮುಳುಗಿ ಬಂದ ಮೇಲೆ ಪ್ರತಿ ಸಲ ಜಾಸ್ತಿಯಾಗುತ್ತದೆ. ಮಕ್ಕಳ ಕಿವಿ ಸೋರುವುದು ಇದ್ದದ್ದೇ, ದೊಡ್ಡವಳಾದರೆ ಹೋಗುತ್ತದೆ ಎಂದು ಎಲ್ಲರೂ ಹೇಳಿದ್ದರು.

"ದವಾ ಏನ್ ಹಾಕೀರಿ?"

ಈಗ ಅಜ್ಜಿ ಬಾಗಿಲಿಗೆ ಬಂದಳು. "ದವಾ ಯಾಕ ಬೇ? ಕುಸುಬಿ ಎಣ್ಣ್ಯಾಗ ಬಳ್ಳೊಳ್ಳಿ ಕಾಸಿ ನಾನೇ ಹಾಕ್ತೇನಿ. ಈಕಿ ಅಪ್ಪಗೂ ಅದನ್ನೇ ಹಾಕಿ ದೊಡ್ಡಾಂವನ್ನ ಮಾಡೀನಿ."

ಬಸವಂತರಾಯ ತಾಯಿಯ ಕಡೆ ನೋಡಿದ. "ಅವ್ವಾ, ನನಗ ಬಲಗಿವಿ ಕೇಳಂಗಿಲ್ಲ. ಸಣ್ಣಾಂವ ಇದ್ದಾಗಿಂದ. ಗಿರಣಿ ಸಪ್ಪಳಕ್ಕ ಅಂತ ತಿಳ್ಕೊಂಡಿದ್ದೆ."

ಅಂಬುಬಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಎಂಥ ಕೈ ಅದು. ಆ ಕೈ ಊರಿನ ಅರ್ಧ ಕೂಸುಗಳಿಗೆ ನೀರೆರೆದಿದೆ. ಪ್ರೀತಿಯಿಂದಲೇ ಎಣ್ಣೆ ಕಾಯಿಸಿದೆ. ಅವಳನ್ನು ಬೈಯಲು ಅಲ್ಲಿ ಯಾರಿಗೂ ಬಾಯಿ ಬರಲಿಲ್ಲ, ನರ್ಸಬಾಯಿಗೂ ಬರಲಿಲ್ಲ. ಅವರು ಎದ್ದು ಹೋಗಿ ಮುದುಕಿಯ ಕೈ ಹಿಡಿದು ಕೂರಿಸಿದರು. ಕಿವಿಯ ಒಳಗೆ ತೆಳ್ಳನೆಯ ಒಂದು ಪರದೆ ಇರುತ್ತದೆ, ದನಿ ಬಂದು ಅದಕ್ಕೆ ಬಡಿದರೆ ನಮಗೆ ಕೇಳುತ್ತದೆ, ಒಳಗೆ ಕೀವಾಗಿ ಆ ಪರದೆಗೆ ತೂತು ಬಿದ್ದರೆ ದನಿ ಮುಂದೆ ಹೋಗುವುದಿಲ್ಲ ಎಂದು ತಿಳಿಸಿದರು. ತೂತಿನೊಳಗೆ ಎಣ್ಣೆ ಹೋದರೆ, ಹೊಳೆಯ ನೀರು ಹೋದರೆ ಕೀವು ಇನ್ನೂ ಹೆಚ್ಚುತ್ತದೆ ಎಂದರು.

ಬಸವಂತರಾಯ ನಿಂತ ಗಿರಣಿಯ ಕಡೆ ನೋಡಿ ಹೇಳಿದ.

"ಅಂದ್ರ ಈಕಿ ಮೋಟರ ಚೊಲೋ ಅದ. ಪಟ್ಟಾ ಸಡಲ ಆಗ್ಯದ. ಅದಕ್ಕ ಕಲ್ಲು ತಿರುಗವಲ್ದು."

"ಅಷ್ಟೇ ರೀ ಅಣ್ಣಾರ. ನೀವು ಪಟ್ಟಾ ನೋಡೋದು ಬಿಟ್ಟು ಮೋಟರ ಕೆಟ್ಟದ ಅಂತ ಯಡ್ರಾಮಿಗಿ ಒಗ್ಯಾಕ ಹೊಂಟಿದ್ರಿ."

ಆಮೇಲೆ ಅವರು ತಮ್ಮ ತಪ್ಪನ್ನೂ ಒಪ್ಪಿಕೊಂಡರು. ತಾನೂ ಸಭೆಯಲ್ಲಿ ಎಲ್ಲರ ಹಾಗೆ ಮಾತಾಡಿಬಿಟ್ಟೆ, ಮಗು ಟಿವಿಗೆ ಅಂಟಿ ಕೂತರೆ ಯಾಕೆ ಕೂತಿದೆ ಎಂದು ಕೇಳಿ ಎಂದು ಹೇಳಬೇಕಿತ್ತು, ಹೇಳಲಿಲ್ಲ ಎಂದರು. ಗೌರಾ ಟಿವಿಯ ಪೆಟ್ಟಿಗೆಗೆ ಕೆನ್ನೆ ಒತ್ತುತ್ತಿದ್ದದ್ದು ಹುಚ್ಚಿಗಲ್ಲ. ಕಟ್ಟಿಗೆ ಅದುರುತ್ತದೆ. ಕಿವಿಗೆ ಸಿಗದ ದನಿ ಕೆನ್ನೆಗೆ ಸಿಗುತ್ತಿತ್ತು. ಇಟ್ಟಂಗಿ ಆಟದಲ್ಲಿ ಅವಳು ಎಲ್ಲರನ್ನೂ ಸೋಲಿಸುತ್ತಿದ್ದಳು, ಯಾಕೆಂದರೆ ಊರಿನಲ್ಲಿ ಕಿವಿ ಬೇಕಾಗಿಲ್ಲದ ಆಟ ಅದೊಂದೇ ಇತ್ತು.

ಆದರೂ ಅಪ್ಪನಿಗೆ ಇನ್ನೊಂದು ಅಂಜಿಕೆ ಉಳಿದಿತ್ತು. ಅವನು ಹೆಂಗಸರು ಹೋಗುವುದನ್ನು ಕಾದು ಅದನ್ನು ಹೇಳಿದ. "ದವಾಖಾನಿಗಿ ಹೋದ್ರ ಊರಿಗೆಲ್ಲ ಗೊತ್ತಾಗ್ತದರಿ. ಕಿವುಡಿ ಅಂತ ಹೆಸರು ಬೀಳ್ತದ. ನಾಳೆ ಯಾರು ಮಾಡ್ಕೊಂತಾರ?"

"ಹುಚ್ಚಿ ಅಂತ ಹೆಸರು ಬಿದ್ದು ಎಷ್ಟ್ ದಿನ ಆತು?" ಎಂದರು ನಜಮುನ್ನಿಸಾ. "ಆಗ ಯಾಕ ಅಂಜಲಿಲ್ಲ?"

ಜೇವರ್ಗಿಯ ಬಸ್ಸು ಎಷ್ಟು ಹೊತ್ತಿಗೆ ಎಂದು ಅವನು ಕೇಳಿದ.

ಸೋಮವಾರ ಗಿರಣಿಗೆ ಬೀಗ ಬಿತ್ತು. ಹಬ್ಬಕ್ಕೂ ಬೀಗ ಹಾಕದ ಗಿರಣಿ ಅದು. ಕಾಳು ಹೊತ್ತು ಬಂದವರು ಬೈದು ತಿರುಗಿ ಹೋದರು. ಬಸವಂತರಾಯ, ಶರಣಬಸಮ್ಮ, ಗೌರಾ ಜೇವರ್ಗಿಯ ಬಸ್ಸು ಹಿಡಿದರು. ದವಾಖಾನೆಯಲ್ಲಿ ಡಾಕ್ಟರಮ್ಮ ಬೆಳಕು ಬಿಟ್ಟು ಎರಡೂ ಕಿವಿ ನೋಡಿದರು, ಸ್ವಚ್ಛ ಮಾಡಿದರು. ಎಡಗಿವಿಯ ತೂತು ಸಣ್ಣದು, ಒಣಗಿದರೆ ತಾನೇ ಮುಚ್ಚಿಕೊಳ್ಳಬಹುದು. ಬಲಗಿವಿಯದು ದೊಡ್ಡದು, ಮುಂದೆ ಗುಲಬರ್ಗಾದಲ್ಲಿ ಆಪರೇಶನ್ ಬೇಕಾದೀತು, ಅದಕ್ಕೆ ಹೆದರಬೇಕಿಲ್ಲ ಎಂದರು. ಕಿವಿಗೆ ಹಾಕುವ ಹನಿ, ನುಂಗುವ ಗುಳಿಗೆ ಕೊಟ್ಟರು. ಸ್ನಾನ ಮಾಡಿಸುವಾಗ ಕಿವಿಗೆ ನೀರು ಹೋಗಬಾರದು, ಕಡ್ಡಿ, ಪಿನ್ನು ಹಾಕಿ ಕೆರೆಯಬಾರದು, ತಾವು ಬರೆದ ಹನಿಯ ಹೊರತು ಏನನ್ನೂ ಸುರಿಯಬಾರದು ಎಂದು ಎಚ್ಚರಿಸಿದರು. ಕೀವು ಬಂದರೆ ಅದನ್ನು ತೆಗೆಯುವ ಬಗೆಯನ್ನೂ ತೋರಿಸಿಕೊಟ್ಟರು. ಒಗೆದು ಒಣಗಿಸಿದ ಮೆತ್ತನೆಯ ಹತ್ತಿ ಬಟ್ಟೆಯನ್ನು ಬತ್ತಿಯ ಹಾಗೆ ಹೊಸೆದು, ಕಿವಿಯ ಬಾಯಿಗೆ ಮೆಲ್ಲಗೆ ಇಟ್ಟು, ಹಸಿ ಹೀರಿದ ಮೇಲೆ ತೆಗೆದು ಎಸೆಯಬೇಕು. ಒಣಗಿ ಬರುವವರೆಗೆ ಮತ್ತೆ ಮತ್ತೆ ಹೊಸ ಬತ್ತಿ. ಹನಿ ಹಾಕುವುದು ಅದರ ನಂತರ.

ಮನೆಗೆ ಬಂದು ಶರಣಬಸಮ್ಮ ಇದನ್ನೆಲ್ಲ ಹೇಳಿದಾಗ ಅಜ್ಜಿ ಬೆಳ್ಳುಳ್ಳಿ ಕಾಯಿಸುವ ಸಣ್ಣ ಬಟ್ಟಲನ್ನು ತೊಳೆದು ಬೋರಲು ಹಾಕಿದಳು. ಮರುದಿನ ಬೆಳಿಗ್ಗೆ ನೋಡಿದರೆ ಕೈ ತೊಳೆದುಕೊಂಡು ಜಗುಲಿಯ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದಳು. ಅವಳ ತಾಯಿಯ ಕಾಲದಿಂದ ದೀಪಕ್ಕೆ ಹೊಸೆದ ಕೈ ಅದು. ಅಷ್ಟು ಸಣ್ಣ, ಅಷ್ಟು ಮೆತ್ತನೆಯ ಬತ್ತಿ ಇನ್ನಾರಿಗೂ ಬರುವುದಿಲ್ಲ. "ಈ ಕಡಿ ಗೂಡಿಂದು ದೇವರಿಗಿ," ಎಂದಳು ಸೊಸೆಗೆ. "ಈ ಡಬ್ಬ್ಯಾಗಿಂದು ಕೂಸಿಗಿ. ಮುಟ್ಟಬ್ಯಾಡ, ನಾನೇ ಇಡ್ತೇನಿ."

ಅಮಾವಾಸ್ಯೆಗೆ ಘತ್ತರಗಿಗೆ ಹೋದಾಗ ಮತ್ತೆ ಗೊಂದಲ. ಹೊಳೆಯಲ್ಲಿ ಮುಳುಗದೆ ಭಾಗ್ಯವಂತಿ ದೇವಿಯ ಮುಂದೆ ಹೇಗೆ ನಿಲ್ಲುವುದು? ಅಜ್ಜಿ ಮೊಮ್ಮಗಳ ಕಾಲು ತೊಳೆದಳು, ಕೈ ತೊಳೆದಳು, ನೆತ್ತಿಗೆ ಒದ್ದೆ ಅಂಗೈ ಒರೆಸಿದಳು. ಹೆತ್ತವಳಿಗೆ ಕೂಸಿನ ನೋವು ಗೊತ್ತಿರುತ್ತದೆ, ದೇವಿಗೆ ಗೊತ್ತಿಲ್ಲವೇ ಎಂದು ತಾನೇ ಹೇಳಿಕೊಂಡಳು.

ಯಡ್ರಾಮಿಗೆ ಸುಭದ್ರಾಬಾಯಿಗೆ ಹೇಳಿ ಕಳಿಸಿದರು, ಕೂಸು ಆಡಿಸಲು ಬೇರೆ ಯಾರನ್ನಾದರೂ ನೋಡು ಎಂದು. ಶಾಲೆಗೆ ಬಸವಂತರಾಯ ತಾನೇ ಹೋದ. ಅವನು ಕೂಗಿ ಮಾತಾಡಿದ್ದು ಮೂರೂ ಕೋಣೆಗೆ ಕೇಳಿತು. ಮಾಸ್ತರರು ಗೌರಾಳನ್ನು ಮುಂದಿನ ಸಾಲಿಗೆ ಕರೆದರು, ಬೋರ್ಡಿಗೆ ಮುಖ ಮಾಡಿ ಮಾತಾಡುವುದನ್ನು ಬಿಟ್ಟು ಮಕ್ಕಳಿಗೆ ಮುಖ ಮಾಡಿ ಮಾತಾಡತೊಡಗಿದರು. ಉಕ್ತಲೇಖನದಲ್ಲಿ ಅವಳು ಪಕ್ಕದ ಪಾಟಿ ನೋಡುವುದು ಬಿಟ್ಟಳು. ಶಾಂತಲಿಂಗಪ್ಪ ಸಾವಕಾರರು ಮಾತ್ರ ಇನ್ನೂ ಪೇಪರು ಓದುತ್ತಾರೆ, ಟಿವಿಯ ಕರೆಂಟು ಕೆಲವರಿಗೆ ಹತ್ತುತ್ತದೆ, ಕೆಲವರಿಗೆ ಹತ್ತುವುದಿಲ್ಲ ಎನ್ನುತ್ತಾರೆ. ಅನ್ನಲಿ ಬಿಡಿ.

ಕೀವು ನಿಲ್ಲಲು ಬಹಳ ದಿನ ಹಿಡಿಯಿತು. ಒಮ್ಮೆ ನಿಂತು ನೆಗಡಿಗೆ ಮತ್ತೆ ಬಂತು, ಮತ್ತೆ ಜೇವರ್ಗಿಗೆ ಹೋದರು. ಚಳಿ ಕಳೆದು ಬಿಸಿಲು ಏರುವ ಹೊತ್ತಿಗೆ ಎರಡೂ ಕಿವಿ ಒಣಗಿದ್ದವು. ಎಡಗಿವಿಯ ಪರದೆ ಕೂಡಿಕೊಂಡಿದೆ ಎಂದು ಡಾಕ್ಟರಮ್ಮ ಹೇಳಿದರು.

ಆಟದ ಡಬ್ಬಿ ಅಷ್ಟೂ ದಿನ ಬಸವಂತರಾಯನ ಪೆಟ್ಟಿಗೆಯಲ್ಲಿತ್ತು. ಅದನ್ನು ಕೊಡಬೇಕೋ ಬೇಡವೋ ಎಂದು ಅವನು ನರ್ಸಬಾಯಿಯನ್ನು ಕೇಳಿದ. ಆಟ ಆಟವೇ, ಊಟ ನಿದ್ದೆ ಬಿಟ್ಟು ಆಡಿದರೆ ಕವಡೆಯಾಟವೂ ಕೆಟ್ಟದ್ದು, ಓದು ಮುಗಿಸಿ ಸ್ವಲ್ಪ ಹೊತ್ತು ಆಡಲಿ, ಆಮೇಲೆ ಬೀದಿಗೆ ಹೋಗಿ ಓಡಲಿ, ಅವಳ ಪಕ್ಕ ನೀವೂ ಒಮ್ಮೊಮ್ಮೆ ಕೂರಿ ಎಂದರು.

ಒಂದು ಭಾನುವಾರ ಕರೆಂಟು ಹೋಗಿ ಗಿರಣಿ ನಿಂತಿತ್ತು. ಅಪ್ಪ ಪೆಟ್ಟಿಗೆ ತೆರೆದು ಡಬ್ಬಿಯನ್ನು ಮಗಳ ಕೈಗೆ ಕೊಟ್ಟು ಪಕ್ಕದಲ್ಲಿ ಕೂತ. ಗೌರಾ ಗುಂಡಿ ಒತ್ತಿದಳು. ಆಟ ಶುರುವಾಗುವ ಮೊದಲು ಆ ಡಬ್ಬಿ ಒಂದು ಪುಟ್ಟ ರಾಗ ನುಡಿಯುತ್ತದೆ. ಊರಿನ ಎಲ್ಲ ಹುಡುಗರಿಗೂ ಆ ರಾಗ ಬಾಯಿಪಾಠವಾಗಿತ್ತು. ಅಜ್ಜಿ ಕೂಡ ಒಮ್ಮೊಮ್ಮೆ ಬೈಯುತ್ತಲೇ ಅದನ್ನು ಗುನುಗುತ್ತಿದ್ದಳು.

ಗೌರಾಳ ಬೆರಳು ನಿಂತವು. ಇಟ್ಟಂಗಿಗಳು ಬಿದ್ದವು, ಒಂದರ ಮೇಲೊಂದು ಅಡ್ಡಾದಿಡ್ಡಿ ಏರಿದವು, ಆಟ ಮುಗಿದೇ ಹೋಯಿತು. ಅವಳು ಡಬ್ಬಿಯನ್ನು ಎಡಗಿವಿಗೆ ಹಿಡಿದಳು. ಬಲಗಿವಿಗೆ ಹಿಡಿದಳು. ಮತ್ತೆ ಎಡಗಿವಿಗೆ ತಂದಳು.

"ಅಪ್ಪಾ, ಇದು ಹಾಡ್ತದ," ಎಂದಳು. "ಮೊದಲಿಂದ ಹಾಡ್ತಿತ್ತೇನು?"

"ಏ ಹೌದವ್ವಾ, ಮೊದಲಿಂದ..." ಎಂದು ಅವನು ಎಂದಿನಂತೆ ಕೂಗಿ ಹೇಳಲು ಹೊರಟ.

ಗೌರಾ ಎರಡೂ ಕಿವಿ ಮುಚ್ಚಿಕೊಂಡು ನಕ್ಕಳು. "ಮೆಲ್ಲಕ ಹೇಳಪ್ಪಾ. ಇಲ್ಲೇ ಅದೇನಿ ನಾ."

ಆ ಮನೆಯ ಕಥೆ ಇಷ್ಟು. ಈಗ ನಿಮ್ಮ ಮನೆಯ ಮಾತು.

ಇದನ್ನು ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ನಿಮ್ಮ ಮಗುವೂ ಟಿವಿಗೆ ಅಂಟಿ ಕೂರುತ್ತಿರಬಹುದು, ರೇಡಿಯೋಗೆ ಕಿವಿ ಒತ್ತುತ್ತಿರಬಹುದು, ಹೇಳಿದ್ದನ್ನು ಏನು ಏನು ಎಂದು ಮತ್ತೆ ಮತ್ತೆ ಕೇಳುತ್ತಿರಬಹುದು, ಮಾತಾಡುವಾಗ ನಿಮ್ಮ ತುಟಿಯನ್ನೇ ನೋಡುತ್ತಿರಬಹುದು. ಅದರ ದಿಂಬಿನ ಮೇಲೆ ಕಲೆ ಇರಬಹುದು. ಕಟ್ಟೆಯವರನ್ನು ಕೇಳಬೇಡಿ. ಅವರು ಯಂತ್ರಕ್ಕೆ ಬೈದು ಮನೆಗೆ ಹೋಗಿ ಉಣ್ಣುತ್ತಾರೆ, ಮಗು ನಿಮ್ಮದು. ಕಿವಿ ಸೋರುವುದು ಇದ್ದದ್ದೇ ಎಂದು ಯಾರಾದರೂ ಹೇಳಿದರೆ, ನಿಮ್ಮ ಮಾಳಿಗೆ ಸೋರಿದರೆ ಹೀಗೇ ಸುಮ್ಮನಿರುತ್ತೀರಾ ಎಂದು ಕೇಳಿ. ಕಿವಿಗೆ ಎಣ್ಣೆ ಬೇಡ, ಕಡ್ಡಿ ಬೇಡ, ಹೊಳೆಯ ನೀರು ಬೇಡ. ನಿಮ್ಮೂರಿಗೂ ಒಬ್ಬರು ನರ್ಸಬಾಯಿ ಬರುತ್ತಾರೆ, ತಾಲೂಕಿನಲ್ಲಿ ದವಾಖಾನೆ ಇದೆ.

ಇವತ್ತೇ ಒಂದು ಕೆಲಸ ಮಾಡಿ. ಮಗುವಿನ ಕೈಯಲ್ಲಿರುವ ಆಟವನ್ನು ಪ್ರೀತಿಯಿಂದ ತೆಗೆದಿಡಿ. ಬೆನ್ನ ಹಿಂದೆ ಹೋಗಿ ನಿಲ್ಲಿ. ತೊಟ್ಟಿಲ ಹತ್ತಿರ ಕರೆದ ಹೆಸರಿನಿಂದ ಮೆಲ್ಲಗೆ ಕರೆಯಿರಿ. ತಿರುಗಿದರೆ ಎತ್ತಿ ಮುದ್ದಾಡಿ. ತಿರುಗದಿದ್ದರೆ ದನಿ ಎತ್ತಬೇಡಿ, ಕೈ ಎತ್ತಬೇಡಿ. ಕೂಸನ್ನು ಎತ್ತಿಕೊಳ್ಳಿ, ಬಸ್ಸು ಹಿಡಿಯಿರಿ.